ಮದರಾಸಿನ ವಿಮಾನಪಥದಲ್ಲಿ ಬಳ್ಳಾರಿ

ಚೆನ್ನೈ ನಗರದ ವಿಮಾನಯಾನದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳಿಂದ ಆರಂಭಿಸುತ್ತಾರೆ. ಮೊದಲನೆಯದು, ಮೌಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದ ಜಾಕೊಮೊ ಡಿ'ಏಂಜೆಲಿಸ್ ಎಂಬಾತನು 1910ರ ಮಾರ್ಚ್ ತಿಂಗಳಲ್ಲಿ, ಸಿಂಪ್ಸನ್ ಕಂಪನಿಯಲ್ಲಿ ಸಿದ್ಧಗೊಂಡ ವಿಮಾನವನ್ನು ಸಾರ್ವಜನಿಕರ ಮುಂದೆ ಹಾರಿಸಿದುದು. ಎರಡನೆಯದು, 1932ರ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯ ಅಂಚೆವಿಮಾನವು ಈ ನಗರಕ್ಕೆ ಬಂದುದು. ಈ ಎರಡನೆಯ ಸಂಗತಿಯಲ್ಲಿ ಇಂದಿನ ಕರ್ನಾಟಕದ ಊರೊಂದಕ್ಕೆ ಪಾಲಿದೆ. ಆ ಪಾಲನ್ನು ಗುರುತಿಸಿ, ಅದು ಮರೆಯಾದ ಬಗೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು 1929ರಿಂದ ಲಂಡನ್ನಿನ ಅಂಚೆಯನ್ನು ಕರಾಚಿಯವರೆಗೆ ತರುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಅದನ್ನು ವಿಮಾನದಲ್ಲಿಯೇ ಮುಂದುವರಿಸುವ ಯೋಜನೆಯನ್ನು ನೆವಿಲ್ ವಿನ್ಸೆಂಟ್ ಮತ್ತು ಜೆ.ಆರ್.ಡಿ. ಟಾಟಾ ಅವರು ರೂಪಿಸಿದರು. 1932ರ ಅಕ್ಟೋಬರ್ 15ರಂದು ಟಾಟಾ ಅವರು ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟು ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹುವನ್ನು ತಲುಪಿದರು. ಅಲ್ಲಿಂದ ಮುಂದೆ ವಿನ್ಸೆಂಟ್ ಅವರು ಬಳ್ಳಾರಿಯ ಮೂಲಕ ಮದರಾಸಿಗೆ ಅಂಚೆಯನ್ನು ಒಯ್ದರು.

ಬಳ್ಳಾರಿಯ ಆಯ್ಕೆಗೆ ಕಾರಣವನ್ನು ಭೂಗೋಳದಲ್ಲಿಯೇ ಕಾಣಬಹುದು. ಮುಂಬಯಿಯಿಂದ ಮದರಾಸಿಗೆ ನೇರ ದೂರ ಸಾವಿರ ಕಿಲೋಮೀಟರಿಗೂ ಹೆಚ್ಚು. ಒಂದೇ ಎಂಜಿನ್ನಿನ ಪುಟ್ಟ ವಿಮಾನಕ್ಕೆ ನಡುವೆ ಇಂಧನ ತುಂಬಿಸಿಕೊಳ್ಳುವ ತಾಣವೊಂದು ಬೇಕಾಗಿತ್ತು. ಬಳ್ಳಾರಿಯು ಮುಂಬಯಿಯಿಂದ ಸುಮಾರು 600, ಮದರಾಸಿನಿಂದ ಸುಮಾರು 430 ಕಿಲೋಮೀಟರ್ ದೂರದಲ್ಲಿದ್ದು, ವಿಶಾಲವಾದ ಬಯಲುಳ್ಳ ದಂಡಿನ ಊರಾಗಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಬಳ್ಳಾರಿ ಸೀಮೆಯು 1932ರಲ್ಲಿ ಮದರಾಸು ಪ್ರಾಂತದ ಜಿಲ್ಲೆಯಾಗಿತ್ತು. ಆದುದರಿಂದ ಆ ಅಂಚೆಯು ಪ್ರಾಂತದ ನೆಲವನ್ನು ಮೊದಲು ಮುಟ್ಟಿದುದು ರಾಜಧಾನಿಯಲ್ಲಿ ಅಲ್ಲ, ಕನ್ನಡವೂ ತೆಲುಗೂ ಕೂಡಿ ಬಾಳುತ್ತಿದ್ದ ಬಳ್ಳಾರಿಯಲ್ಲಿ. ಇದು ಪರನಾಡಿನ ತಂಗುದಾಣವಾಗಿರಲಿಲ್ಲ, ಪ್ರಾಂತದ ಹೊಸ್ತಿಲಾಗಿತ್ತು.

ಈ ಸ್ಥಾನ ಬಹುಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಮಾರ್ಗವು ಹೈದರಾಬಾದಿನ ಕಡೆಗೆ ತಿರುಗಿತು. ಇತ್ತ ಮದರಾಸಿನ ದಕ್ಷಿಣಕ್ಕಿದ್ದ ಮೀನಂಬಾಕ್ಕಂ ಗ್ರಾಮದ ಹೆಸರು ನಗರದ ವಿಮಾನ ನಿಲ್ದಾಣಕ್ಕೇ ಪರ್ಯಾಯವಾಯಿತು. 1980ರ ದಶಕದಲ್ಲಿ ಸಮೀಪದ ತಿರುಸೂಲಂ ಕಡೆಗೆ ಹೊಸ ಕಟ್ಟಡಗಳೆದ್ದವು. ಅವುಗಳಿಗೆ ಕಾಮರಾಜ್ ಮತ್ತು ಅಣ್ಣಾದೊರೈ ಅವರ ಹೆಸರುಗಳನ್ನಿಡಲಾಯಿತು. 2023ರ ಏಪ್ರಿಲಿನಲ್ಲಿ ಮತ್ತೊಂದು ಬೃಹತ್ ಕಟ್ಟಡ ಉದ್ಘಾಟನೆಗೊಂಡಿತು.

1953ನೆಯ ವರ್ಷವು ಎರಡು ದೃಷ್ಟಿಯಿಂದ ನಿರ್ಣಾಯಕವಾದುದು. ಆ ವರ್ಷದ ಆಗಸ್ಟ್ 1ರಂದು ವಿಮಾನಯಾನವು ರಾಷ್ಟ್ರೀಕರಣಗೊಂಡು, ಟಾಟಾ ಸಂಸ್ಥೆಯು ಹಾಕಿಕೊಟ್ಟ ಒಳನಾಡಿನ ಮಾರ್ಗಗಳು ಇಂಡಿಯನ್ ಏರ್‌ಲೈನ್ಸಿನ ವಶವಾದವು. ಅಕ್ಟೋಬರ್ 1ರಂದು ಆಂಧ್ರರಾಜ್ಯವು ಉದಯಿಸಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿ, ಬಳ್ಳಾರಿಯೂ ಜಿಲ್ಲೆಯ ಉಳಿದ ಭಾಗವೂ ಮೈಸೂರಿಗೆ ಬಂದವು. ಕನ್ನಡಿಗರ ದೀರ್ಘಕಾಲದ ಹಂಬಲ ಅಷ್ಟರಮಟ್ಟಿಗೆ ಕೈಗೂಡಿತು. ಆದರೆ ಗಡಿಯೊಡನೆ ನೆನಪೂ ಹಂಚಿಹೋಯಿತು. ಚೆನ್ನೈಯ ಚರಿತ್ರೆಯಲ್ಲಿ ಬಳ್ಳಾರಿ ಒಂದು ಹೆಸರು ಮಾತ್ರವಾಗಿ ಉಳಿದರೆ, ಕರ್ನಾಟಕದ ವಿಮಾನಯಾನದ ಕಥನವು ಬೆಂಗಳೂರನ್ನೇ ಕೇಂದ್ರವಾಗಿಸಿಕೊಂಡಿತು.

ಓಲೆಗರಿಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಗ್ರಂಥಪಾತವೆಂಬುದು ಪರಿಚಿತ. ನಡುವಣ ಗರಿಯೊಂದು ಕಳೆದುಹೋದರೂ ಹಿಂದಿನ ಮುಂದಿನ ಪಾಠಗಳು ತೋರಿಕೆಗೆ ಕೂಡಿಕೊಂಡಿರುತ್ತವೆ. ಓದುವವನಿಗೆ ಲೋಪ ತಿಳಿಯುವುದೇ ಇಲ್ಲ. ಮುಂಬಯಿಯಿಂದ ಮದರಾಸಿಗೆ ನೇರವಾಗಿ ನೆಗೆಯುವ ಚರಿತ್ರೆಗಳಲ್ಲಿ ಆಗಿರುವುದೂ ಇಂಥ ಲೋಪವೇ. ಕಳೆದ ಗರಿಯನ್ನು ಮತ್ತೊಂದು ಪ್ರತಿಯಲ್ಲಿ ಅರಸುವುದು ಸಂಪಾದಕನ ಕ್ರಮ. ಪ್ರಾಂತದ ಆಡಳಿತ ದಾಖಲೆಗಳು ಇರುವುದು ಚೆನ್ನೈಯ ಎಗ್ಮೋರಿನಲ್ಲಿ, ಇಂದಿನ ತಮಿಳುನಾಡು ಪತ್ರಾಗಾರದಲ್ಲಿ. ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳ ಆಧುನಿಕ ಚರಿತ್ರೆಯನ್ನು ಬರೆಯಹೊರಟವರು ಕರ್ನಾಟಕದ ಹೊರಗಿನ ಈ ಭಂಡಾರದ ಬಾಗಿಲನ್ನು ತಟ್ಟದೆ ವಿಧಿಯಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ಸಂಶೋಧಕರಿಗೆ ಆ ಬಾಗಿಲು ಹತ್ತಿರದ್ದು. ಆದುದರಿಂದ ಈ ಹೊಣೆಯೂ ಮೊದಲು ಅವರದೇ.