ವಾಷಿಂಗ್ ಮಷೀನಿನ ಜಾಲರಿಯಲ್ಲಿ ಸಿಕ್ಕ ಕೆಂಪು ಮಣ್ಣು

ಕಳೆದ ತಿಂಗಳು ಬೀದರಿನ ನಮ್ಮ ಮನೆಯ ವಾಷಿಂಗ್ ಮಷೀನು ಮುಷ್ಕರ ಹೂಡಿತು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗೆಲ್ಲೋ ‘ಗುಂಯ್’ ಅನ್ನುತ್ತದೆ, ಡ್ರಮ್ ಮಾತ್ರ ತಿರುಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೀಂ ಪೀಂ ಎಂದು ಅಳು ಬೇರೆ! ಮೋಟಾರು ಸುಟ್ಟಿದೆ ಅಂತ ನಾನು ತೀರ್ಪು ಕೊಟ್ಟೇಬಿಟ್ಟೆ. ಅವ್ವ ಮಾತಾಡದೆ ಬಕೆಟ್ ಹಿಡಿದು ಒಗೆಯುವ ಕಲ್ಲಿನ ಕಡೆ ನಡೆದಳು. ಅವಳ ಮೊಣಕಾಲು ನೋವು ನನಗೆ ಗೊತ್ತು. ನಾಚಿಕೆಯಾಯಿತು.

ರಿಪೇರಿಗೆ ಬಂದವನು ಭಾಲ್ಕಿಯ ಹುಡುಗ. ಪ್ಲಗ್ಗಿನಲ್ಲಿ ಟೆಸ್ಟರ್ ಇಟ್ಟ, ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿದ, ಆಮೇಲೆ ಹಿಂದಿನ ಪೈಪು ಬಿಚ್ಚಿದ.

“ಸರ, ಮೋಟರಿಗೇನೂ ಆಗಿಲ್ರಿ. ಒಳಗ ನೀರೇ ಬರವಲ್ದು, ಅದೇನು ತಿರಗತದ?”

ವಿಷಯ ಇಷ್ಟೇ. ಈ ಮಷೀನು ಮೊದಲು ನೀರು ತುಂಬಿಸಿಕೊಳ್ಳುತ್ತದೆ. ಮಟ್ಟ ಸಾಕಷ್ಟು ಏರಿದೆ ಎಂದು ಒಂದು ಸಣ್ಣ ಸ್ವಿಚ್ಚು ಹೇಳುವವರೆಗೆ ಒಗೆತ ಶುರುವಾಗುವುದಿಲ್ಲ. ‘ಗುಂಯ್’ ಅಂದದ್ದು ನೀರು ಬಿಡುವ ವಾಲ್ವು. ಅದರ ಬಾಯಲ್ಲಿ ಹೆಬ್ಬೆರಳಿನಷ್ಟು ಒಂದು ಜಾಲರಿ ಇರುತ್ತದೆ. ಹುಡುಗ ಇಕ್ಕಳದಿಂದ ಅದನ್ನು ಎಳೆದು ನನ್ನ ಅಂಗೈಗೆ ಹಾಕಿದ. ತುಂಬಾ ಕೆಂಪು ಮಣ್ಣು!

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನಿಂಬೆರಸದಲ್ಲಿ ನೆನೆಸಿ ಬಿಳಿ ಕಟ್ಟು ಬಿಡಿಸಿ, ವಾಪಸ್ಸು ಸಿಕ್ಕಿಸಿದ. ಮಷೀನು ಓಡಿತು. ನೀವೇ ಮಾಡುವುದಾದರೆ ಮೊದಲು ಪ್ಲಗ್ ಕಿತ್ತು, ನಲ್ಲಿ ಬಂದ್ ಮಾಡಿ. ನೀರು ತುಂಬಿಯೂ ತಿರುಗದಿದ್ದರೆ ಮುಚ್ಚಳದ ಸ್ವಿಚ್ಚು, ಬೆಲ್ಟು, ಕೆಪಾಸಿಟರ್ ಕಡೆ ನೋಡಬೇಕು. ಕೆಪಾಸಿಟರನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಕರೆಂಟ್ ತೆಗೆದ ಮೇಲೂ ಅದು ಹೊಡೆಯುತ್ತದೆ.

ಇನ್ನು ಇತಿಹಾಸಕ್ಕೆ ಬರೋಣ. ಆ ಕೆಂಪು ಮಣ್ಣು ನೋಡುತ್ತಲೇ ನನಗೆ ನೆನಪಾದದ್ದು ನೌಬಾದಿನ ಸುರಂಗ ಬಾವಿ.

ಬೀದರ್ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಈ ಕೆಂಪು ಕಲ್ಲು ಸ್ಪಂಜಿನಂತೆ ಮಳೆನೀರು ಹೀರುತ್ತದೆ. ಅಡಿಯಲ್ಲಿರುವ ಜೇಡಿ, ಕರಿಕಲ್ಲಿನ ಪದರ ಅದನ್ನು ತಡೆಯುತ್ತದೆ. ಎರಡರ ಸಂದಿನಲ್ಲಿ ನೀರು ಜಿನುಗುತ್ತದೆ. ಗುರುನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ ಎಲ್ಲವೂ ಇದೇ ನೀರಿನ ಕೃಪೆ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಅವನ ಕಾಲದಲ್ಲಿ ಇರಾನಿನಿಂದ ಬಹಳ ಜನ ಬಂದರು. ಅಷ್ಟೂರಿನ ದಾರಿಯಲ್ಲಿ ಚೌಖಂಡಿ ಇದೆಯಲ್ಲ, ಅಲ್ಲಿ ಮಲಗಿರುವ ಖಲೀಲುಲ್ಲಾರ ಮನೆತನ ಕಿರ್ಮಾನ್ ಸೀಮೆಯದು. ಆ ಸೀಮೆ ಬದುಕಿದ್ದೇ ನೆಲದಡಿಯ ಕಾಲುವೆಗಳ ಮೇಲೆ. ಬಹಮನಿ ಕಾಲದಲ್ಲಿ ಆ ವಿದ್ಯೆ ಬೀದರಿನ ಕೆಂಪು ಕಲ್ಲಿಗೂ ಇಳಿಯಿತು. ಅದೇ ಕರೇಜ್. ಎರಡು ಕಿಲೋಮೀಟರಿಗೂ ಉದ್ದದ ಸುರಂಗ, ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ಬಾವಿಯಂಥ ಕಂಡಿಗಳು. ಮೋಟಾರಿಲ್ಲ, ಕರೆಂಟಿಲ್ಲ. ಇಳಿಜಾರೊಂದೇ ಅದರ ಯಂತ್ರ.

ನಮ್ಮ ಮಷೀನಿನ ಲೆಕ್ಕವೂ ಅದೇ ನೋಡಿ. ಇಂಥ ಮಷೀನಿಗೆ ಸಾಮಾನ್ಯವಾಗಿ ಕಡಿಮೆಯೆಂದರೂ 0.3 ಬಾರ್ ಒತ್ತಡ ಬೇಕು. ಅಂದರೆ ಟ್ಯಾಂಕು ಸುಮಾರು 3 ಮೀಟರ್ ಮೇಲಿರಬೇಕು. ಔರಾದಿನ ನಮ್ಮ ಸೋದರತ್ತೆ ಅದಕ್ಕೇ ಸೆಮಿ ಆಟೊಮ್ಯಾಟಿಕ್ ಬಿಟ್ಟಿಲ್ಲ. ಕೊಡದಿಂದ ಸುರಿದರೂ ಅದು ಓಡುತ್ತದೆ.

ಕರೇಜಿಗೆ ಬಂದ ರೋಗವೂ ನಮ್ಮ ಜಾಲರಿಯದೇ. ವರ್ಷ ವರ್ಷ ಹೂಳೆತ್ತುವವರು ಇಲ್ಲವಾದರು. ನಲ್ಲಿ, ಬೋರ್‌ವೆಲ್ ಬಂದ ಮೇಲೆ ಜನ ಮರೆತರು. ಕಂಡಿಗಳು ಕಸದ ತೊಟ್ಟಿಯಾದವು, ಕೆಲವು ಕಟ್ಟಡಗಳಡಿ ಮುಚ್ಚಿಹೋದವು. 2010ರ ದಶಕದಲ್ಲಿ ಸಂಶೋಧಕರೂ ಜಿಲ್ಲಾಡಳಿತವೂ ಸೇರಿ ನೌಬಾದಿನಲ್ಲಿ ಹೂಳು ತೆಗೆಸಿದಾಗ ಒಳಗೆ ನೀರು ಮತ್ತೆ ಕಾಣಿಸಿತು. ಐದು ನೂರು ವರ್ಷದ ಮಷೀನಿಗೂ ಮೋಟಾರು ಸುಟ್ಟಿರಲಿಲ್ಲ!

ಇದು ಬರೀ ಕಲ್ಲು ಮಣ್ಣಿನ ಅಭಿಮಾನದ ಮಾತಲ್ಲ. 2016ರ ಏಪ್ರಿಲಿನಲ್ಲಿ ಔರಾದ್, ಭಾಲ್ಕಿಗಳ ಪಕ್ಕದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ಹೋಯಿತು. ನಾವು ನೆಚ್ಚಿರುವುದು ಭಾಲ್ಕಿ ತಾಲ್ಲೂಕಿನ ಕಾರಂಜಾ ಅಣೆಕಟ್ಟನ್ನು, ಮಾಂಜ್ರಾ ನದಿಯನ್ನು. ಮಳೆ ಕೈಕೊಟ್ಟ ವರ್ಷ ಎರಡೂ ಸೊರಗುತ್ತವೆ. ಆಗ ಕೊಡ ಹೊರುವುದು ಯಾರು? ಅವ್ವ, ಅತ್ತೆಯಂಥವರೇ.

ಬಟ್ಟೆ ಒಗೆಯುವುದೆಂದರೆ ನಮ್ಮ ಜಿಲ್ಲೆಯಲ್ಲಿ ಸಣ್ಣ ಮಾತೂ ಅಲ್ಲ. 12ನೇ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಿದ್ದ ಮಾಚಿದೇವರು ವಚನಕಾರರೂ ಹೌದು. ಆ ಕಾಯಕಕ್ಕೂ ಮೊದಲು ಬೇಕಾದದ್ದು ನೀರೇ ತಾನೆ?

ಭಾಲ್ಕಿ ಹುಡುಗ ಹೊರಡುವಾಗ ಹೇಳಿದ: “ಎರಡ ತಿಂಗಳಿಗೊಮ್ಮೆ ಜಾಳಿಗಿ ತೊಳೀರಿ ಸರ, ನಾ ಬರೂದೇ ಬ್ಯಾಡ.” ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ನೌಬಾದಿನ ಕಂಡಿಗಳಿಗೂ ಯಾರಾದರೂ ಹೀಗೊಂದು ಗುರುತು ಹಾಕಿಟ್ಟುಕೊಂಡರೆ ಚೆನ್ನ.