ಶುಶ್ರೂಷಾ ನಿರ್ಣಯ: ಧಾರವಾಡದ ಗ್ರಾಮಸೀಮೆಯಲ್ಲಿ

ರೋಗಿಯ ಸ್ಥಿತಿಯನ್ನು ಅವಲೋಕಿಸಿ, ಲಕ್ಷಣಗಳ ಅರ್ಥವನ್ನು ಗ್ರಹಿಸಿ, ಮುಂದೆ ಮಾಡತಕ್ಕುದೇನೆಂಬುದನ್ನು ಶುಶ್ರೂಷಕಿಯು ತಾನೇ ನಿಶ್ಚಯಿಸುವ ವಿದ್ಯೆ. ಕರ್ನಾಟಕದಲ್ಲಿ ಇದರ ಚರಿತ್ರೆಯನ್ನು ಮೈಸೂರು ಸಂಸ್ಥಾನದ ಆಸ್ಪತ್ರೆಗಳಿಂದ ಆರಂಭಿಸುವ ರೂಢಿಯುಂಟಾದರೂ, ಶಲವಡಿ, ನವಲಗುಂದ, ಅಣ್ಣಿಗೇರಿಗಳ ಸೀಮೆಗೆ ಅದು ಸಲ್ಲದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗಕ್ಕೆ ದಾದಿಯರ ನೋಂದಣಿಯ ವಿಷಯದಲ್ಲಿ ಅನ್ವಯಿಸುತ್ತಿದ್ದುದು 1935ರ ಮುಂಬಯಿ ಕಾನೂನು; ನೆರೆಯ ಕುಂದಗೋಳವಾದರೋ 1948ರ ವಿಲೀನದವರೆಗೆ ಜಮಖಂಡಿ ಸಂಸ್ಥಾನದ್ದಾಗಿದ್ದಿತು. ನೋಂದಣಿಯ ಈ ಭೇದಗಳು ರಾಜ್ಯಪುನರ್ವಿಂಗಡಣೆಯ ತರುವಾಯ, 1961ರ ರಾಜ್ಯ ಕಾನೂನಿನೊಡನೆ ಅಳಿದುವು.

ಗದಗ-ಬೆಟಗೇರಿಯ ಬಾಸೆಲ್ ಮಿಶನ್ ಆಸ್ಪತ್ರೆ, 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನು, 1957ರಲ್ಲಿ ಹುಬ್ಬಳ್ಳಿಯಲ್ಲಿ ತೆರೆದ ವೈದ್ಯಕೀಯ ಮಹಾವಿದ್ಯಾಲಯ, ಇವು ಸುಪರಿಚಿತ ಸಂಗತಿಗಳು. ಅಮೆರಿಕದಲ್ಲಿ ಐಡಾ ಜೀನ್ ಒರ್ಲ್ಯಾಂಡೊ 1961ರಲ್ಲಿಯೂ, ಹೆಲೆನ್ ಯೂರಾ ಮತ್ತು ಮೇರಿ ವಾಲ್ಶ್ 1967ರಲ್ಲಿಯೂ ಪ್ರತಿಪಾದಿಸಿದ ‘ನರ್ಸಿಂಗ್ ಪ್ರೋಸೆಸ್’, ಎಂದರೆ ಈ ನಿರ್ಣಯವನ್ನೇ ಹಂತಹಂತವಾಗಿ ನಡೆಸುವ ಕ್ರಮ, ಕ್ರಮೇಣ ಇಲ್ಲಿಯ ತರಗತಿಗಳನ್ನೂ ಪ್ರವೇಶಿಸಿತು.

ಶುಶ್ರೂಷಾ ಪದವಿಗಳ ಆರಂಭವನ್ನೇ ಈ ವಿದ್ಯೆಯ ಸಂಧಿಕಾಲವೆಂದು ಎಣಿಸುವವರುಂಟು. ಆದರೆ ಬೆಣ್ಣಿಹಳ್ಳ ಉಕ್ಕಿದಾಗ ದಾರಿ ಕಡಿದುಹೋಗುವ ಈ ಎರೆನಾಡಿನ ಮಟ್ಟಿಗೆ, ಕೇಂದ್ರ ಸರಕಾರವು 2005ರಲ್ಲಿ ಹೊರಡಿಸಿದ ಹೆರಿಗೆ ಮಾರ್ಗಸೂಚಿಯೇ ನಿಜವಾದ ಸಂಧಿಕಾಲವೆನ್ನಬೇಕು. ವೈದ್ಯರ ಅಪ್ಪಣೆಗಾಗಿ ಕಾಯದೆ, ನಿರ್ದಿಷ್ಟ ಆಪತ್ತುಗಳಲ್ಲಿ ಕೆಲವು ಔಷಧಿಗಳನ್ನು ಕೊಡುವ ಅಧಿಕಾರವು ಉಪಕೇಂದ್ರದ ಸಹಾಯಕ ದಾದಿ-ಸೂಲಗಿತ್ತಿಗೆ (ಎ.ಎನ್.ಎಂ.) ಪ್ರಾಪ್ತವಾದುದು ಆಗಲೇ. ಬಸುರಿಗೆ ಫಿಟ್ಸ್ ಬಂದರೆ ಆಕೆ ಮೊದಲು ಉಸಿರಿನ ದಾರಿಯನ್ನು ಕಾಯ್ದು, ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸನ್ನು, ಪ್ರತಿ ಪೃಷ್ಠಕ್ಕೆ 5 ಗ್ರಾಮಿನಂತೆ ಸ್ನಾಯುವಿನ ಆಳಕ್ಕೆ ಚುಚ್ಚಿ, ಅನಂತರವೇ ದೊಡ್ಡಾಸ್ಪತ್ರೆಗೆ ಕಳುಹಿಸತಕ್ಕುದು. ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯೂ ಇದೇ ವಿವೇಕವನ್ನು ಕಲಿಸುತ್ತದೆ: ಗರ್ಭಕಂಠವು 4 ಸೆಂ.ಮೀ. ತೆರೆದಾಗಿನಿಂದ ಗುರುತು ಹಾಕಲಾರಂಭಿಸಿ, ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆ, ತಾಯಿಯ ರಕ್ತದೊತ್ತಡವನ್ನು ನಾಲ್ಕು ಗಂಟೆಗೊಮ್ಮೆ ಬರೆಯುತ್ತ ಹೋದಂತೆ, ಗಂಟೆಗೆ 1 ಸೆಂ.ಮೀ. ಗತಿಯನ್ನು ಸೂಚಿಸುವ ಎಚ್ಚರಿಕೆಯ ಗೆರೆಯನ್ನು ಪ್ರಸವದ ಗೆರೆ ಬಲಕ್ಕೆ ದಾಟಿತೆಂದರೆ, ಉಪಕೇಂದ್ರದಲ್ಲಿ ಇನ್ನು ಕಾಯುವಂತಿಲ್ಲ. ಹಾಳೆಯನ್ನು ಹೆರಿಗೆ ಮುಗಿದ ಮೇಲೆ ತುಂಬಿದರೆ ಅದು ಬರಿಯ ದಾಖಲೆಯಾಗುವುದೇ ಹೊರತು ಯಾರ ಪ್ರಾಣವನ್ನೂ ಉಳಿಸದೆಂಬುದನ್ನು ವಿದ್ಯಾರ್ಥಿನಿಯರು ಮರೆಯಬಾರದು.

2018ರ ಆಯುಷ್ಮಾನ್ ಭಾರತ ಯೋಜನೆಯು ಈ ಅಧಿಕಾರವನ್ನು ಹೆರಿಗೆಯಿಂದಾಚೆಗೂ ವಿಸ್ತರಿಸಿತು. ಶುಶ್ರೂಷಾ ಶಿಕ್ಷಣ ಪಡೆದ ಸಮುದಾಯ ಆರೋಗ್ಯ ಅಧಿಕಾರಿಗಳು ಹಳ್ಳಿಗಳ ಉಪಕೇಂದ್ರಗಳಿಗೆ ಬಂದು, 30 ವರ್ಷ ದಾಟಿದವರ ರಕ್ತದೊತ್ತಡ, ಮಧುಮೇಹಗಳನ್ನು ಪರೀಕ್ಷಿಸಿ, ಯಾರನ್ನು ಊರಲ್ಲೇ ಉಪಚರಿಸಬೇಕು, ಯಾರನ್ನು ವೈದ್ಯರಲ್ಲಿಗೆ ಕಳುಹಿಸಬೇಕೆಂದು ವಿವೇಚಿಸತೊಡಗಿದರು. 1947ರ ಕಾನೂನಿನ ಸ್ಥಾನಕ್ಕೆ ರಾಷ್ಟ್ರೀಯ ಶುಶ್ರೂಷಾ ಆಯೋಗವನ್ನು ಸ್ಥಾಪಿಸುವ ಕಾನೂನು 2023ರಲ್ಲಿ ಸಂಸತ್ತಿನ ಅಂಗೀಕಾರ ಪಡೆಯಿತು.