ವಾರಸುದಾರರಿಲ್ಲದ ಬೀಗ: ಟ್ರೂಕ್ರಿಪ್ಟ್‌ನ ಏಳುಬೀಳು

ಡಿಸ್ಕ್ ಎನ್‌ಕ್ರಿಪ್ಶನ್ ಎಂದರೆ ಕಂಪ್ಯೂಟರಿನ ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢಲಿಪಿಯಾಗಿಸುವ ವಿಧಾನ. ಇದನ್ನು ಜನಸಾಮಾನ್ಯರಿಗೆ ಉಚಿತವಾಗಿ ಒದಗಿಸಿದ ತಂತ್ರಾಂಶಗಳಲ್ಲಿ ಟ್ರೂಕ್ರಿಪ್ಟ್ ಪ್ರಮುಖವಾದುದು. ಪಾಲ್ ಲೆ ರೂ ರಚಿಸಿದ್ದ ಇ4ಎಂ ಎಂಬ ತಂತ್ರಾಂಶವನ್ನು ಆಧರಿಸಿ 2004ರ ಫೆಬ್ರುವರಿಯಲ್ಲಿ ಹೊರಬಂದ ಅದನ್ನು ಹತ್ತು ವರ್ಷ ಬೆಳೆಸಿದವರು ತಮ್ಮ ಹೆಸರನ್ನು ಪ್ರಕಟಿಸಲೇ ಇಲ್ಲ.

2014ರ ಮೇ 28ರಂದು ಆ ಅನಾಮಧೇಯರು, ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತುದನ್ನು ಉಲ್ಲೇಖಿಸಿ ತಮ್ಮ ಕೆಲಸವನ್ನೂ ನಿಲ್ಲಿಸಿದರು. ಸರಿಪಡಿಸದ ದೋಷಗಳಿರಬಹುದಾದ್ದರಿಂದ ಟ್ರೂಕ್ರಿಪ್ಟ್ ಸುರಕ್ಷಿತವಲ್ಲವೆಂದು ಸಾರಿ, ಮೈಕ್ರೋಸಾಫ್ಟ್‌ನ ಬಿಟ್‌ಲಾಕರ್‌ಗೆ ಬದಲಾಯಿಸಿಕೊಳ್ಳುವಂತೆ ಸೂಚಿಸಿದರು. ಆದರೂ ಅನೇಕರು 2012ರ 7.1ಎ ಆವೃತ್ತಿಯನ್ನೇ ನೆಚ್ಚಿಕೊಂಡರು. ಗೂಢಲಿಪಿ ತಜ್ಞ ಮ್ಯಾಥ್ಯೂ ಗ್ರೀನ್ ಮತ್ತು ಕೆನೆತ್ ವೈಟ್ ಸಾರ್ವಜನಿಕ ದೇಣಿಗೆಯಿಂದ ನಡೆಸಿದ ಪರಿಶೋಧನೆಯು 2015ರ ಏಪ್ರಿಲ್‌ನಲ್ಲಿ ಮುಗಿದು, ಉದ್ದೇಶಪೂರ್ವಕ ಕಳ್ಳದಾರಿಯಾಗಲಿ ವಿನ್ಯಾಸದ ಗಂಭೀರ ಲೋಪವಾಗಲಿ ಕಾಣಲಿಲ್ಲವೆಂದು ವರದಿಯಾದಾಗ ಆ ನಂಬಿಕೆ ಇನ್ನಷ್ಟು ಬಲಗೊಂಡಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್‌ನ ಜೇಮ್ಸ್ ಫೋರ್ಶಾ, ವಿಂಡೋಸ್ ಮತ್ತು ಡಿಸ್ಕ್‌ನ ನಡುವೆ ಕೆಲಸಮಾಡುವ, ಟ್ರೂಕ್ರಿಪ್ಟ್‌ನ ಡ್ರೈವರ್ ಎಂಬ ಭಾಗದಲ್ಲಿ ಎರಡು ದೋಷಗಳನ್ನು ಗುರುತಿಸಿದರು. ಅವು ಗೂಢಲಿಪಿಯನ್ನು ಭೇದಿಸುವಂಥವಲ್ಲವಾದರೂ, ಚಾಲನೆಯಲ್ಲಿರುವ ಯಂತ್ರದ ಸಾಮಾನ್ಯ ಬಳಕೆದಾರನಿಗೆ ಮೇಲ್ವಿಚಾರಕನ ಅಧಿಕಾರ ದೊರಕಿಸಬಲ್ಲವಾಗಿದ್ದವು. ಅದೇ ಮೂಲದಿಂದ 2013ರಲ್ಲಿ ಕವಲೊಡೆದ ವೆರಾಕ್ರಿಪ್ಟ್ ಅವನ್ನು ಸರಿಪಡಿಸಿತು. ಟ್ರೂಕ್ರಿಪ್ಟ್‌ನಲ್ಲಿ ಅವು ಹಾಗೆಯೇ ಉಳಿದವು.

ಬೀಗದ ಒಳರಚನೆಯನ್ನು ನೋಡಿದರೆ ಕಾಲದ ಹೊಡೆತ ಸ್ಪಷ್ಟವಾಗುತ್ತದೆ. ಡಿಸ್ಕ್‌ನ ತಲೆಬರಹದ ಮೊದಲ 64 ಬೈಟ್‌ಗಳಲ್ಲಿ 'ಸಾಲ್ಟ್' ಎಂಬ ಯಾದೃಚ್ಛಿಕ ಸಂಖ್ಯೆಯಿರುತ್ತದೆ. ತಂತ್ರಾಂಶವು ಪಾಸ್‌ವರ್ಡನ್ನು ಅದರೊಡನೆ 1000 ಅಥವಾ 2000 ಸುತ್ತು ಕಲಸಿ ಕೀಲಿಯನ್ನು ಪಡೆದು, ಉಳಿದ ಭಾಗವನ್ನು ಬಿಡಿಸಿದಾಗ ಟಿ, ಆರ್, ಯು, ಇ ಎಂಬ ನಾಲ್ಕು ಅಕ್ಷರಗಳು ಮೂಡಿದರೆ ಪಾಸ್‌ವರ್ಡ್ ಸರಿಯೆಂದು ತಿಳಿಯುತ್ತದೆ. ಸುತ್ತುಗಳು ಹೆಚ್ಚಿದಷ್ಟೂ ಊಹಿಸಿ ಒಡೆಯುವವನ ಕೆಲಸ ನಿಧಾನವಾಗುವುದರಿಂದ, ವೆರಾಕ್ರಿಪ್ಟ್ ಅವನ್ನು 5,00,000ಕ್ಕೆ ಏರಿಸಿತು. ಹಳೆಯದರಲ್ಲಿ ಹಾಗೆ ಏರಿಸುವವರು ಯಾರೂ ಉಳಿದಿರಲಿಲ್ಲ.

ಟ್ರೂಕ್ರಿಪ್ಟ್ ಬಳಸುವ ಎಇಎಸ್ ಎಂಬ ಗೂಢಲಿಪಿ ಪದ್ಧತಿ ಇಂದಿಗೂ ಮುರಿದಿಲ್ಲ. ಸವೆದಿರುವುದು ಅದರ ಸುತ್ತಲಿನ ರಚನೆ. ಪರಿಶೋಧನೆಯು ತಾನು ಕಂಡಷ್ಟಕ್ಕೆ ಮಾತ್ರ ಸಾಕ್ಷಿ ಹೇಳಬಲ್ಲದು, ಮುಂದೆ ಕಾಣುವ ದೋಷವನ್ನು ತಿದ್ದಲು ಪಾಲಕರೇ ಬೇಕು. 2023ರಲ್ಲಿ ವೆರಾಕ್ರಿಪ್ಟ್‌ನ ಹೊಸ ಆವೃತ್ತಿಯೂ ಟ್ರೂಕ್ರಿಪ್ಟ್ ಕಡತಗಳನ್ನು ತೆರೆಯುವುದನ್ನು ಕೈಬಿಟ್ಟಿರುವುದರಿಂದ, ಹಳೆಯ ಬೀಗ ತೆರೆಯುವಷ್ಟು ಕಾಲವಿರುವಾಗಲೇ ಒಳಗಿನದನ್ನು ಸ್ಥಳಾಂತರಿಸುವುದು ವಿವೇಕ.